ಚಪ್ಪರಕ್ಕೆ ಇನ್ನೂ ಹೊತ್ತಿದೆ, ಅಕ್ಕ

ಅಕ್ಕ, ಆ ಡೆಕೊರೇಷನ್‌ನವರಿಗೆ ಮುಂಗಡ ಕೊಟ್ಟಾಯ್ತಾ? ಇಲ್ಲ ತಾನೆ? ಹಾಗಾದ್ರೆ ಸ್ವಲ್ಪ ಬೇಲಿ ಹತ್ರ ಬನ್ನಿ. ಅವರು ಹೇಳಿದ ರೇಟು ಕೇಳಿ ಭಾವ ರಾತ್ರಿಯೆಲ್ಲ ಲೆಕ್ಕ ಹಾಕ್ತಾ ಕೂತಿದ್ರು ಅಂತ ನಿಮ್ಮ ಮಗಳೇ ಹೇಳಿದಳು. ಮದುವೆ ಮನೆ ಅಂಗಳದಲ್ಲೇ ಅಂತ ತೀರ್ಮಾನ ಆದ ಮೇಲೆ ಪ್ಲಾಸ್ಟಿಕ್ ಹೂವಿನ ಗೋಡೆಗೆ ಅಷ್ಟು ದುಡ್ಡು ಯಾಕೆ ಸುರೀಬೇಕು? ಈಗಿನ್ನೂ ಮಾಘ, ಮದುವೆ ವೈಶಾಖದ ಕೊನೆಗೆ. ಕೈಯಲ್ಲಿ ಮಾಡೋ ಅಲಂಕಾರ ಕೇಳೋದು ದಿನಗಳನ್ನ. ಅದು ನಿಮಗೆ ಬೇಕಾದಷ್ಟಿದೆ.

ಮೊದಲು ಚಪ್ಪರ. ಅಡಿಕೆ ಒಣಗಿಸೋಕೆ ಹಾಕಿದ ಅಟ್ಟ ಅಂಗಳದಲ್ಲಿ ನಿಂತೇ ಇದೆಯಲ್ಲ, ಅದನ್ನ ಬಿಚ್ಚಬೇಡಿ. ಕಂಬ ಇದೆ, ದಬ್ಬೆ ಇದೆ. ಮೇಲೆ ಟಾರ್ಪಾಲು, ಅದರ ಕೆಳಗೆ ಸೋಗೆ ಕಟ್ಟಿದ್ರೆ ಸಾಕು. ಕೂತವರ ಕಣ್ಣಿಗೆ ಸೋಗೆ ಕಾಣುತ್ತೆ, ಅಡ್ಡಮಳೆ ಬಂದ್ರೂ ಊಟದ ಎಲೆಗೆ ನೀರು ಬೀಳಲ್ಲ. ಟಾರ್ಪಾಲು ಬೇಡವೇ ಬೇಡ ಅಂತ ಹಟ ಮಾಡೋರೂ ಇದ್ದಾರೆ. ನಾನು ಒಪ್ಪಲ್ಲ. ವೈಶಾಖದ ಮಳೆಯನ್ನ ನಂಬಿಕೊಂಡು ನೆಂಟರನ್ನ ಕೂರಿಸೋಕಾಗಲ್ಲ.

ನಿಮ್ಮ ಮೈದುನನ ಮಗ ಹುಡುಗ ಹುಡುಗಿ ಹೆಸರನ್ನ ಥರ್ಮಾಕೋಲಲ್ಲಿ ಕೊರೆಸ್ತೀನಿ ಅಂತಿದ್ದ. ದಯವಿಟ್ಟು ಬೇಡ ಅನ್ನಿ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲು ದೇಶದಲ್ಲೆಲ್ಲ ನಿಷೇಧ. ಅದಿರಲಿ, ಮದುವೆ ಮುಗಿದ ಮೇಲೆ ಅದು ಪುಡಿಪುಡಿಯಾಗಿ ತೋಟದ ಕಾಲುವೆಗೆ ಹೋಗುತ್ತೆ, ಅಲ್ಲಿಂದ ನಮ್ಮ ಗದ್ದೆಗೇ ಬರುತ್ತೆ. ಹೆಸರು ಬರೀಬೇಕು ಅಂದ್ರೆ ಅಡಿಕೆ ಹಾಳೆ ಇದೆ.

ಹಾಳೆ ಅಂದ ಮೇಲೆ ನೆನಪಾಯ್ತು, ಬಂದವರಿಗೆಲ್ಲ ಒಂದೊಂದು ಹಾಳೆ ಬೀಸಣಿಗೆ ಮಾಡಿಡೋಣ. ಆ ಸೆಕೆಯಲ್ಲಿ ಅದಕ್ಕಿಂತ ಒಳ್ಳೇ ಉಪಚಾರ ಯಾವುದು? ಬಿದ್ದ ಹಾಳೇಲಿ ಕಲೆ ಇಲ್ಲದ್ದು ಆರಿಸಿ, ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಹೇಳಿದ ಹಾಗೆ ಬಾಗುತ್ತೆ. ಹಿಡಿಯನ್ನ ಬೇರೆ ಕಟ್ಟೋದು ಬೇಡ, ಕೊರೆಯುವಾಗಲೇ ಅದೇ ಹಾಳೇಲಿ ಉದ್ದಕ್ಕೆ ಬಿಟ್ಟುಕೊಳ್ಳಿ. ಆಮೇಲೆ ಚಪ್ಪಟೆ ಕಲ್ಲಿನ ಅಡಿ ಇಟ್ಟು ನೆರಳಲ್ಲೇ ಒಣಗಿಸಬೇಕು. ಬಿಸಿಲಿಗೆ ಹಾಕಿದ್ರೆ ಸುರುಳಿ ಸುತ್ತಿಕೊಳ್ಳುತ್ತೆ. ಒಣಗಿದ ಮೇಲೆ ಕೆಮ್ಮಣ್ಣು ಸವರಿ, ಅಕ್ಕಿ ಹಿಟ್ಟಲ್ಲಿ ಎರಡು ಎಳೆ ಎಳೆದ್ರೆ ಮುಗೀತು. ಶಾಲೆಗೆ ಹೋಗೋ ಮಕ್ಕಳೂ ಮಾಡ್ತಾರೆ. ಭಾನುವಾರ ನಮ್ಮ ಜಗಲಿಗೆ ಕಳಿಸಿ.

ಆದ್ರೆ ಹಸೆಗೋಡೆಯನ್ನ ಮಾತ್ರ ಮಕ್ಕಳ ಕೈಗೆ ಬಿಡಬಾರದು. ಎಲ್ಲದರಲ್ಲೂ ಉಳಿಸಿ, ಅಲ್ಲಿ ಖರ್ಚು ಮಾಡಿ. ಇಡೀ ಮದುವೇಲಿ ಕಣ್ಣು ನಿಲ್ಲೋ ಜಾಗ ಅದೊಂದೇ, ಮದುಮಕ್ಕಳು ಕೂರೋದೇ ಅದರ ಮುಂದೆ. ನಮ್ಮ ದೀವರ ಹೆಂಗಸರ ಚಿತ್ತಾರ ನೋಡೋಕೆ ದೂರದೂರದಿಂದ ಜನ ಸಾಗರಕ್ಕೆ ಬರ್ತಾರೆ, ನಾವು ಅದರ ಮೇಲೆ ಪ್ರಿಂಟಾದ ಫ್ಲೆಕ್ಸ್ ಇಳಿಬಿಡೋದಾ? ನಿಮ್ಮ ಅತ್ತೆಗೆ ಈಗ ಕಣ್ಣು ಮಂಜು, ಗೊತ್ತು. ಮೇಲಿನಕೇರಿ ಅಜ್ಜಿಯನ್ನ ಕರೆಸಿ. ಗೋಡೆಗೆ ಕೆಮ್ಮಣ್ಣು ಬಳಿದು ಕೊಟ್ರೆ ಅವರೇ ನೆನೆಸಿದ ಅಕ್ಕಿ ಅರೆದು ಬಿಳಿ ಮಾಡ್ತಾರೆ, ಕರಿಕಾಗೋ ತನಕ ಅಕ್ಕಿ ಹುರಿದು ಕಪ್ಪು, ಗುರಿಗೆ ಕಾಯಿಂದ ಹಳದಿ. ಅಂಗಡಿ ಬ್ರಶ್ಶು ಬೇಡ, ಪುಂಡಿನಾರೇ ಬೇಕು. ಅವರು ದಂಡಿಗೇಲಿ ಕೂತ ಮದುಮಕ್ಕಳನ್ನ ಬರೆಯೋದನ್ನ ಒಂದ್ಸಲ ಹತ್ತಿರ ಕೂತು ನೋಡಿ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗೆರೆ ಇಲ್ಲ, ನಾರಿನ ತುದಿ ಗೋಡೆಗೆ ತಾಗಿದ್ದೂ ಗೊತ್ತಾಗದ ಹಾಗೆ ಎಳೆ ಎಳೆಯಾಗಿ ಬರ್ತಾ ಹೋಗುತ್ತೆ. ನಿಮ್ಮ ಅತ್ತೆ ಪಕ್ಕದಲ್ಲಿ ಕೂತು ಹಾಡು ಹೇಳಲಿ, ಅವರಿಗೂ ಖುಷಿ. ಮತ್ತೆ ಅಕ್ಕ, ಅಜ್ಜಿಗೆ ಸೀರೆ ಜೊತೆ ಕೂಲಿಯನ್ನೂ ಸರಿಯಾಗಿ ಕೊಡಿ. ಊರವರು ಅಂತ ಪುಕ್ಕಟೆ ಬರೆಸಿಕೊಳ್ಳೋದು ನನಗೆ ಸೇರಲ್ಲ. ಹಾಗೆ ಮಾಡಿ ಮಾಡಿಯೇ ಕಲಿಯೋ ಹುಡುಗಿಯರು ಕಡಿಮೆ ಆಗಿದ್ದಾರೆ.

ಬಾಗಿಲಿಗೆ ಬತ್ತದ ತೆನೆ ತೋರಣ ನನಗೆ ಬಿಡಿ. ಒಕ್ಕಲಿಗೆ ಹಾಕದೆ ಒಂದು ಹೊರೆ ಕದಿರು ಎತ್ತಿಟ್ಟಿದ್ದೀನಿ. ಒಣ ಹುಲ್ಲು ಮುರಿಯುತ್ತೆ, ಅದಕ್ಕೆ ಸಂಜೆ ನೀರು ಚಿಮುಕಿಸಿ ಗೋಣಿಚೀಲದಲ್ಲಿ ಸುತ್ತಿಡ್ತೀನಿ. ಬೆಳಿಗ್ಗೆ ಮೆತ್ತಗಾಗಿರುತ್ತೆ, ಆಗ ಜಡೆ ಹಾಕಿದ ಹಾಗೆ ಮೂರು ಎಳೆ ಹೆಣೆದು ತೆನೆಗಳನ್ನೆಲ್ಲ ಒಂದೇ ಪಕ್ಕಕ್ಕೆ ಇಳಿಬಿಡೋದು. ಇಲಿಗೆ ಸಿಗದ ಹಾಗೆ ತೂಗುಹಾಕಿದ್ರೆ ತಿಂಗಳುಗಟ್ಟಲೆ ಕೆಡಲ್ಲ, ಹಾಗಾಗಿ ಇದನ್ನ ಈಗಲೇ ಮುಗಿಸಬಹುದು.

ಮಾವಿನ ತೋರಣ ಮಾತ್ರ ಹಿಂದಿನ ಸಂಜೆಯ ಕೆಲಸ. ಚಿಗುರು ಚೆಂದ ಅಂತ ಯಾರಾದ್ರೂ ಕೊಯ್ದು ತಂದ್ರೆ ವಾಪಸ್ ಕಳಿಸಿ, ಮಧ್ಯಾಹ್ನಕ್ಕೇ ಬಾಡುತ್ತೆ. ಬಲಿತ ಕಡುಹಸಿರು ಎಲೆಯೇ ಆಗಬೇಕು. ಸ್ಟೇಪ್ಲರೂ ಬೇಡ. ತೊಟ್ಟಿನ ಕಡೆಯಿಂದ ಎರಡು ಬೆರಳಷ್ಟು ಹುರಿಯ ಮೇಲೆ ಹಿಂದಕ್ಕೆ ಮಡಚಿ, ಅದೇ ತೊಟ್ಟನ್ನ ನಡುನರದ ಪಕ್ಕ ಚುಚ್ಚಿ ಈಚೆ ತೆಗೆದ್ರೆ ಗಟ್ಟಿಯಾಗಿ ನಿಲ್ಲುತ್ತೆ. ಆಮೇಲೆ ಹಾಗೇ ಗೊಬ್ಬರಗುಂಡಿಗೆ ಹಾಕಬಹುದು, ದನದ ಬಾಯಿಗೆ ಪಿನ್ನು ಹೋಗೋ ಭಯ ಇಲ್ಲ.

ಬಾಳೆಕಂಬಕ್ಕೆ ಗೊನೆ ಬಂದ ಮರವನ್ನೇ ಕಡಿಸಿ. ಒಂದು ಸಲ ಗೊನೆ ಬಿಟ್ಟ ಮರ ಹೇಗೂ ಮತ್ತೆ ಬಿಡಲ್ಲ. ಗೊನೆ ಮರುದಿನ ಪಲ್ಯಕ್ಕಾಯ್ತು, ಪಟ್ಟೆಯಿಂದ ನಾರು ತೆಗೆದ್ರೆ ಹೂ ಕಟ್ಟೋಕಾಯ್ತು. ಹೂವಿನದೇ ಯೋಚನೆ. ಮುಹೂರ್ತದ ದಿನ ಪೇಟೇಲಿ ಮಾರಿನ ಬೆಲೆ ಕೇಳೋಕಾಗಲ್ಲ. ಶಿವರಾತ್ರಿ ಕಳೀತಿದ್ದ ಹಾಗೆ ಚೆಂಡುಹೂ ಬೀಜ ಹಾಕಿ, ಎರಡು ಎರಡೂವರೆ ತಿಂಗಳಿಗೆ ಹೂ ಬರುತ್ತೆ. ಒಂದೇ ಸಲಕ್ಕೆ ಎಲ್ಲ ಹಾಕಬೇಡಿ, ಅರ್ಧ ಒಂದು ವಾರ ತಡೆದು ಹಾಕಿದ್ರೆ ಹಿಂದೆ ಮುಂದೆ ಆದ್ರೂ ಕೈಗೆ ಸಿಗುತ್ತೆ. ಬಾವಿಕಟ್ಟೆ ನೀರು ಹರಿಯೋ ಕಡೆ ಪಾತಿ ಮಾಡಿ.

ಇನ್ನು ದೀಪ. ಸೋಗೆ ಚಪ್ಪರದ ಕೆಳಗೆ ಹಣತೆ ಸಾಲು ಇಡೋಕೆ ನಾನಂತೂ ಬಿಡಲ್ಲ. ತುಳಸಿಕಟ್ಟೆ ಸುತ್ತ ಇಡೋಣ, ಅಲ್ಲಿ ಮೇಲೆ ಆಕಾಶ. ಒಳಗೆ ಬಲ್ಬು ಸಾಕು, ಅದಕ್ಕೆ ಬಿದಿರು ಬುಟ್ಟಿ ಬೋರಲು ಹಾಕಿದ್ರೆ ನೆರಳು ಚೆಂದ ಬೀಳುತ್ತೆ.

ಚೆಂಡುಹೂವಿನ ಬೀಜ ನಮ್ಮಲ್ಲಿದೆ, ಸಂಜೆ ಮಗಳನ್ನ ಕಳಿಸಿ. ಸೋಗೆ ನಮ್ಮ ತೋಟದಿಂದಲೇ ಆಗಲಿ, ಎಷ್ಟು ಹೊರೆ ಬೇಕು ಅಂತ ಭಾವನಿಗೆ ಅಟ್ಟದ ಅಳತೆ ತೆಗೆಯೋಕೆ ಹೇಳಿ. ಅಜ್ಜಿ ಹತ್ರ ನಾಳೆ ನಾನೇ ಹೋಗಿ ಮಾತಾಡಿ ಬರ್ತೀನಿ, ವೈಶಾಖದಲ್ಲಿ ಅವರನ್ನ ಬೇರೆಯವರೂ ಕರೀತಾರೆ.