ಏನೂ ಆಗಲಿಲ್ಲವೇ? ಚೆಟ್ಟಳ್ಳಿಯ ತೋಟದ ಮಾಲೀಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಹಲಸು ಹಣ್ಣಾಗುವ ಕಾಲ ಬಂತೆಂದರೆ ಆನೆಗಳು ನಮ್ಮ ತೋಟಗಳಿಗೆ ಇಳಿಯುತ್ತವೆ. ಬೆಳಿಗ್ಗೆ ಲೈನ್‌ಮನೆಯಿಂದ ಹೊರಟ ಹೆಂಗಸು ರೋಬಸ್ಟಾ ಗಿಡಗಳ ನಡುವೆ ಆನೆಗೆ ಎದುರಾಗಿ, ಓಡಿ, ಬದುಕಿ ಬಂದರೆ ನಾವೆಲ್ಲ ಹೇಳುವ ಮಾತು ಒಂದೇ: "ದೇವರು ದೊಡ್ಡವನು, ಏನೂ ಆಗಲಿಲ್ಲವಲ್ಲ." ಮರುದಿನ ಕೆಲಸಕ್ಕೆ ಬರದಿದ್ದರೆ ಚೆಕ್‌ರೋಲಿನಲ್ಲಿ ಗೈರುಹಾಜರಿ. ಎರಡು ವಾರ ಕಳೆದ ಮೇಲೂ ಒಣಕೊಂಬೆ ಮುರಿದ ಸದ್ದಿಗೆ ಬೆಚ್ಚಿ, ಕೈಯ ಕತ್ತಿ ಬಿಟ್ಟು ನಿಂತುಬಿಟ್ಟರೆ ಅದಕ್ಕೆ ನಾಟಕ ಎಂದು ಹೆಸರು.

ನಾಟಕವಲ್ಲ ಎಂದು ನಾನು ಹೇಳುವುದಕ್ಕೆ ಆಧಾರ ಬೆಂಗಳೂರಿನಲ್ಲೇ ಇದೆ. ಅಲ್ಲಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟ್ಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ಒಂದೇ ಒಂದು ಸಲ, 2 ಗಂಟೆ ಅಲುಗಾಡದಂತೆ ಹಿಡಿದಿಟ್ಟು ಬಿಟ್ಟರು. ಮರುದಿನ ನೋಡಿದರೆ ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಬದಲಾವಣೆಯೇ ಇಲ್ಲ. 10 ದಿನ ಬಿಟ್ಟು ನೋಡಿದಾಗ ಅಲ್ಲಿನ ನರಕೋಶಗಳ ಕವಲುಗಳ ಮೇಲೆ ಬೇರೆ ಕೋಶಗಳ ಸಂದೇಶ ಹಿಡಿಯುವ ಹೊಸ ಮುಳ್ಳುಗಳು ಎದ್ದಿದ್ದವು, ಇಲಿಗಳ ಅಂಜಿಕೆಯೂ ಹೆಚ್ಚಿತ್ತು. ಇದು 2005ರಲ್ಲಿ ಪ್ರಕಟವಾದ ಕೆಲಸ. ದಿನವೂ 2 ಗಂಟೆಯಂತೆ 10 ದಿನ ಹಿಂಸೆ ಉಂಡ ಇಲಿಗಳದ್ದು ಇನ್ನೂ ಕಷ್ಟದ ಕಥೆ. 21 ದಿನ ಆರಾಮವಾಗಿ ಬಿಟ್ಟರೂ ಅಮಿಗ್ಡಲಾದ ಬೆಳವಣಿಗೆ ಹಿಂದಕ್ಕೆ ಸರಿಯಲಿಲ್ಲ. ಆನೆ ಓಡಿಸಿಕೊಂಡು ಬಂದ ಮರುದಿನ "ಚೆನ್ನಾಗಿಯೇ ಇದ್ದಾಳಲ್ಲ" ಎನ್ನುವವರು ಆ ಮೊದಲ ಇಲಿಯನ್ನು ಒಮ್ಮೆ ನೆನೆಯಬೇಕು.

ಭಯದ ಗಳಿಗೆಯಲ್ಲಿ ಒಳಗೆ ನಡೆಯುವುದೇನು? ಮೆದುಳಿನ ಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಗುಂಪಿದೆ. ಇಲಿಯಲ್ಲಿ ಒಂದೊಂದು ಬದಿಗೆ ಸುಮಾರು 1500 ಕೋಶಗಳು, ಅಷ್ಟೇ. ಅಪಾಯ ಕಂಡೊಡನೆ ಅವು ಮುಮ್ಮೆದುಳಿನ ಉದ್ದಗಲಕ್ಕೂ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬಿಡುತ್ತವೆ. ಅದು ಮಾಡುವುದೇನೆಂದು ತಿಳಿಯಲು ಮೊದಲು ಒಂದು ಕೋಶವನ್ನು ನೋಡಿ: ಸುಮ್ಮನಿರುವ ನರಕೋಶದ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣಾತ್ಮಕವಾಗಿರುತ್ತದೆ. ಅದಕ್ಕೆ ಸಣ್ಣ ಕರೆಂಟು ಕೊಟ್ಟರೆ ನಾಲ್ಕಾರು ಸಲ ಮಿಡಿದು ತಾನಾಗಿ ತಣ್ಣಗಾಗುತ್ತದೆ. ಒಳಬಂದ ಕ್ಯಾಲ್ಸಿಯಂ ಪೊಟ್ಯಾಸಿಯಂ ಹೊರಹೋಗುವ ದಾರಿ ತೆರೆದು ಕೋಶವನ್ನು ಹತೋಟಿಗೆ ತರುತ್ತದೆ. 1982ರಲ್ಲಿ ಮ್ಯಾಡಿಸನ್ ಮತ್ತು ನಿಕೋಲ್ ಎಂಬ ವಿಜ್ಞಾನಿಗಳು ನೆನಪು ಕಟ್ಟುವ ಹಿಪೊಕ್ಯಾಂಪಸ್‌ನ ತೆಳು ಹೋಳಿಗೆ ನಾರ್‌ಅಡ್ರಿನಲಿನ್ ತಾಗಿಸಿ ನೋಡಿದರು. ಆ ಹತೋಟಿ ಬಿದ್ದುಹೋಯಿತು. ಅಷ್ಟೇ ಕರೆಂಟಿಗೆ ಕೋಶ ಮಿಡಿಯುತ್ತಲೇ ಇತ್ತು. ಆನೆಯಿಂದ ತಪ್ಪಿಸಿಕೊಂಡವಳಿಗೆ ಆ ತಿರುವು, ಆ ಹಲಸಿನ ವಾಸನೆ ಅಚ್ಚೊತ್ತಿದಂತೆ ಉಳಿಯುವುದರಲ್ಲಿ ಈ ರಾಸಾಯನಿಕದ ಕೈ ದೊಡ್ಡದು.

ಇಲಿ ಮನುಷ್ಯನಲ್ಲ, ಒಪ್ಪುತ್ತೇನೆ. ಬೆದರಿದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಆದರೆ ಇಲಿಯ ಒಂದು ಕೋಶದ ಅಂಜಿಕೆಯನ್ನು ಮಿಲಿವೋಲ್ಟಿನಲ್ಲಿ ಅಳೆಯುವ ನಾಡಿನಲ್ಲಿ ನಮ್ಮ ತೋಟದವಳ ಅಂಜಿಕೆಗೆ ಒಂದು ಸಾಲಿನ ದಾಖಲೆಯೂ ಇಲ್ಲವೆಂದರೆ ನನಗೆ ಸಹಿಸಲಾಗುವುದಿಲ್ಲ. ಸಾವಿಗೆ, ಗಾಯಕ್ಕೆ, ಬೆಳೆಹಾನಿಗೆ ಪರಿಹಾರ ಕೇಳುತ್ತೇವೆ. ಕೇಳಲೇಬೇಕು. ಕೆಟ್ಟ ನಿದ್ದೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ.

ನಿಮಗೂ ಬೆಳೆ ನಷ್ಟವಿದೆ, ಆಳುಗಳ ಕೊರತೆಯಿದೆ ಎಂದು ಬಲ್ಲೆ. ಆದರೂ ಕೇಳಿಕೊಳ್ಳುತ್ತೇನೆ: ಆನೆಗೆ ಎದುರಾದವರಿಗೆ ಮರುದಿನದ ಸಂಬಳ ಕಡಿಯಬೇಡಿ. ಅದೇ ಜಾಗಕ್ಕೆ ಒಂಟಿಯಾಗಿ ಕಳಿಸಬೇಡಿ. ಎರಡು ವಾರದ ಮೇಲೆ ನೀವೇ ಲೈನ್‌ಮನೆಗೆ ಹೋಗಿ, ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಜೀಪಿನಲ್ಲಿ ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅದಕ್ಕೂ ಮೊದಲು ಟೆಲಿ ಮಾನಸ್ ಸಹಾಯವಾಣಿ ಇದೆ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಬೇಡ. ನಂಬರು 14416. ಚೆಕ್‌ರೋಲ್ ಪುಸ್ತಕದ ಮೊದಲ ಹಾಳೆಯಲ್ಲಿ ಇಂದೇ ಬರೆದಿಡಿ.

ಇಂತಿ,
ನಿಮ್ಮ ನೆರೆತೋಟದವ