ಮೊದಲು ಬಾರಿಸು, ಆಮೇಲೆ ಮಾತಾಡು

ಬಾಜೂ ಮನೆ ಅಕ್ಕಾರ ಮಗನಿಗೆ ಈಗ ವಾದ್ಯಗಳ ವಿಡಿಯೋ ಮಾಡುವ ಹುಚ್ಚು. ಹಾಡುವುದಲ್ಲ, ಬಾರಿಸುವುದೂ ಅಲ್ಲ; ಯಾವ ಪೇಟಿ, ಅಂದರೆ ಹಾರ್ಮೋನಿಯಂ, ಕೊಳ್ಳಬೇಕು, ಯಾವ ತಬಲಾ ಬಿಡಬೇಕು ಅಂತ ಊರಿಗೆಲ್ಲ ಹೇಳುವುದು. ಮಳೆ ಹೊರಪಾಯಿತೆಂದು ಬಟ್ಟೆ ಒಣಹಾಕಲು ಬಂದ ಅಕ್ಕಾರು ಕಂಪೌಂಡಿನ ಆಚೆಯಿಂದಲೇ ಶುರು ಮಾಡಿದರು.

“ಅಣ್ಣಾರ, ಇವ ದಿನಾ ಫೋನಿನ ಮುಂದ ನಿಂತು ‘ನಮಸ್ಕಾರ ವೀಕ್ಷಕರೇ’ ಅಂತಾನ. ಯಾರು ನೋಡ್ತಾರ್ರೀ ಇದನ್ನ?”

ನಾನು ನೋಡಿದ್ದೆ. ಅರ್ಧ ವಿಡಿಯೋ ಡಬ್ಬಿ ಬಿಚ್ಚುವುದರಲ್ಲೇ ಹೋಗಿತ್ತು. ಆಮೇಲೆ ಪಾಲಿಶ್, ಹಿತ್ತಾಳೆ ಕೊಂಡಿ, ಚೀಲದ ಜಿಪ್ಪು. ಪೇಟಿಯ ದನಿ ಬಂದದ್ದು ಕಟ್ಟಕಡೆಗೆ, ಅದೂ ಇವನ ಮಾತಿನ ಅಡಿಯಲ್ಲಿ.

ನಮ್ಮ ಕಡೆ ನಾಟಕ ಕಂಪನಿಯ ಪೇಟಿ ಮಾಸ್ತರರು ಪೇಟಿ ನೋಡುತ್ತಿದ್ದ ರೀತಿಯೇ ಬೇರೆ. ತಿದಿ ಒತ್ತಿ ಗಾಳಿ ತುಂಬುವುದು, ಒಂದು ಮನೆಯನ್ನೂ ಒತ್ತದೆ ಕಿವಿ ಹಚ್ಚಿ ಕೂಡುವುದು. ಸುಯ್ ಅಂದರೆ ಗಾಳಿ ಸೋರುತ್ತದೆ. ಯಾವುದೋ ಸ್ವರ ತಾನಾಗಿ ಕೂಗಿತೋ, ಆ ಮನೆ ಸರಿಯಾಗಿ ಕೂತಿಲ್ಲ. ಆಮೇಲೆ ತೀರಾ ಮೆಲ್ಲಗೆ ಗಾಳಿ ಕೊಟ್ಟು ಒಂದೊಂದೇ ಸ್ವರ ನುಡಿಸುವುದು. ತಡವಾಗಿ ಮಾತಾಡುವ ರೀಡು ಅಲ್ಲೇ ಸಿಕ್ಕಿಬೀಳುತ್ತದೆ. ಅಂಗಡಿಯವನ ಮುಖ ಆಗ ನೋಡಬೇಕು! ನೋಡುವವರನ್ನು ಹಿಡಿದು ಕೂಡಿಸುವುದು ಇಂಥ ಪತ್ತೇದಾರಿಕೆ, ಜಿಪ್ಪಲ್ಲ.

ಪೇಟಿಗೆ ಹೊಗಳಿಕೆಯೇ ಬೇಕಂತಲೂ ಇಲ್ಲ. ಗಮಕ, ಮೀಂಡ್ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಅಂತ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗೇ ಹಾಕಿತ್ತು. 1971ರಲ್ಲಿ ಆ ನಿಷೇಧ ಸಡಿಲಾಯಿತು. ಅದಕ್ಕಿಂತ ಕೆಟ್ಟ ರಿವ್ಯೂ ಯಾವ ವಾದ್ಯಕ್ಕೆ ಬಂದಿದೆ? ಆದರೂ ಕಂಪನಿ ನಾಟಕದಲ್ಲಿ, ಭಜನೆಯಲ್ಲಿ ಪೇಟಿ ಕೂಗುತ್ತಲೇ ಇತ್ತು. ಹುಳುಕು ಹೇಳಿದರೆ ಮಾಲು ಹೋಗುವುದಿಲ್ಲ ಅನ್ನುವ ಅಂಗಡಿಯವರಿಗೆ ಇದನ್ನು ಹೇಳಬೇಕು.

ಅಷ್ಟರಲ್ಲಿ ಹುಡುಗನೇ ಹೊರಗೆ ಬಂದ. ಕೈಯಲ್ಲಿ ಘುಮಟ. ಚೌತಿ ಹತ್ತಿರ ಬಂತಲ್ಲ, ಗೋವಾದ ಮನೆಮನೆಯ ಆರತಿಗೂ ಶಮೇಳ, ಕಾಂಸಾಳೆಗಳ ಜೊತೆ ಇದು ಬೇಕೇ ಬೇಕು. 2019ರಲ್ಲಿ ಸರ್ಕಾರ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿದ್ದೂ ಇದನ್ನೇ. ಅಂಕೋಲೆ ಕಡೆ ಹಾಲಕ್ಕಿಗಳು ಬಾರಿಸುವ ಗುಮಟೆ ಇದರ ಒಡಹುಟ್ಟು. ಮಣ್ಣಿನ ಗಡಿಗೆ, ಎರಡು ಬಾಯಿ. ದೊಡ್ಡದಕ್ಕೆ ಚರ್ಮ, ಸಣ್ಣದು ಬಯಲು. ಬಲಗೈ ಚರ್ಮದ ಮೇಲೆ, ಎಡಗೈ ಸಣ್ಣ ಬಾಯಿ ಮುಚ್ಚಿ ತೆರೆದು ಮಾಡುತ್ತ ದನಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಇವನ ವಿಡಿಯೋದಲ್ಲಿ ಎಡಗೈಯೇ ಇರಲಿಲ್ಲ! ಕ್ಯಾಮೆರಾ ಪೂರ್ತಿ ಇವನ ಮುಖದ ಮೇಲೆ.

“ಕಾಕಾ, ಗುಂಯ್ ಅನ್ನೋದು ಬರವಲ್ದು. ಟಕ್ ಟಕ್ ಅಷ್ಟ ಕೇಳಸ್ತದ.”

ಅದು ಗಡಿಗೆಯ ತಪ್ಪಲ್ಲ. ಫೋನಿನ ಪುಟ್ಟ ಸ್ಪೀಕರಿಗೆ ಕೆಳಗಿನ ಸ್ವರ ಎತ್ತುವ ತ್ರಾಣವಿಲ್ಲ. ಮೇಲಾಗಿ ಫೋನು ಶಾಣ್ಯಾತನ ಮಾಡುತ್ತದೆ: ಜೋರು ಪೆಟ್ಟನ್ನು ಅದುಮಿ, ಆರುತ್ತಿರುವ ದನಿಯನ್ನು ಎತ್ತುತ್ತದೆ. ಒಂದೇ ಸಮನೆ ಮೊರೆಯುವ ತಂಬೂರಿಯನ್ನಂತೂ ಫ್ಯಾನಿನ ಸದ್ದೆಂದು ತಿಳಿದು ಒರೆಸಿಹಾಕಿದರೂ ಹಾಕೀತು. ಗದ್ದಲ ತಗ್ಗಿಸುವ ಆ ಸೌಕರ್ಯ ಬಂದ್ ಮಾಡು, ಮೈಕು ಒಂದು ಮಾರು ದೂರ ಇಡು, ಎರಡು ಘುಮಟ ಇಟ್ಟುಕೊಂಡು ಎರಡರ ಮೇಲೂ ಅದೇ ಪೆಟ್ಟು ಬಾರಿಸು, ಇಯರ್‌ಫೋನ್ ಹಾಕಿಕೊಂಡು ಕೇಳಿರಿ ಅಂತ ಮೊದಲೇ ಹೇಳು ಅಂದೆ.

“ಹೌದ್ರೀ, ಒಂದು ಮ್ಯಾಕಿ ಚರ್ಮದ್ದು, ಇನ್ನೊಂದು ಹಳೇದು, ಉಡದ ಚರ್ಮದ್ದು. ಯಾವುದು ಚಲೋ ಅಂತ...”

“ಏ ತಮ್ಮಾ, ಅದನ್ನ ಮಾತ್ರ ಬ್ಯಾಡ!” 1972ರ ವನ್ಯಜೀವಿ ಕಾಯ್ದೆಯಡಿ ಉಡ ಮುಟ್ಟುವಂತಿಲ್ಲ, ಅದಕ್ಕೇ ಈಗ ಆಡಿನ ಚರ್ಮ ಬಿಗಿಯುವುದು. ಅಂಥದನ್ನು ಕ್ಯಾಮೆರಾ ಮುಂದೆ ಹಿಡಿದರೆ ಅದು ರಿವ್ಯೂ ಅಲ್ಲ, ನಿನ್ನ ಕೈಯಾರೆ ಬರೆದ ಪಂಚನಾಮೆ. ಆಡಿನ ಚರ್ಮದ ಎರಡು ಗಡಿಗೆ ಹೋಲಿಸಿದರೂ ಸಾಕು. ಮಣ್ಣಿನ ದಪ್ಪ, ಹೊಟ್ಟೆಯ ಅಳತೆ ಬದಲಾದರೆ ದನಿ ಬದಲಾಗುತ್ತದೆ.

ಅಕ್ಕಾರಿಗೆ ರೊಕ್ಕದ ಚಿಂತೆ. ಯಾವುದೋ ಅಂಗಡಿಯವರು ಪುಕ್ಕಟೆ ಪೇಟಿ ಕೊಡುತ್ತೇವೆ, ಹೊಗಳು ಅಂದಿದ್ದಾರಂತೆ. ತಗೊಳ್ಳಲಿ, ಆದರೆ ಪುಕ್ಕಟೆ ಬಂದದ್ದು ಅಂತ ವಿಡಿಯೋದಲ್ಲೇ ಎದ್ದು ಕಾಣುವಂತೆ ಹೇಳಬೇಕು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಹಾಗೆ ಹೇಳಿದ ಮೇಲೆ ಒಂದು ಹುಳುಕನ್ನೂ ತೋರಿಸಿದರೆ ಜನ ನಂಬುತ್ತಾರೆ.

ಇನ್ನು ಜಾಗದ ಗೋಳು. ಗೋವಾದ ನಮ್ಮ ಈ ಕುಡಚಡೆಯಲ್ಲಿ ರೆಕಾರ್ಡಿಂಗಿಗೆ ಕೂತರೆ, ಮುರಗಾಂವ ಬಂದರಿನಿಂದ ಕಲ್ಲಿದ್ದಲು ಹೊತ್ತು ಕ್ಯಾಸಲ್‌ರಾಕ್ ಘಟ್ಟ ಹತ್ತಲು ಹೊರಟ ಗೂಡ್ಸ್ ಗಾಡಿ ಕೂಗಿಯೇ ಕೂಗುತ್ತದೆ. ಹುಡುಗನ ಉಪಾಯ: ಕುರ್ಡಿಗೆ ಹೋಗುವುದು. ಗಾಯಕಿ ಮೋಗೂಬಾಯಿ ಕುರ್ಡೀಕರರ ಊರು, ಸಾಳಾವಳಿ ಅಣೆಕಟ್ಟಿನ ನೀರಿನಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುತ್ತದೆ. ಜಾಗವೇನೋ ಚಂದ. ಆದರೆ ಮೇ ತಿಂಗಳ ತನಕ ಚೌತಿ ಕಾಯುತ್ತದೆಯೇ?

“ಎಲ್ಲಾ ಬಿಡು,” ಅಂದರು ಅಕ್ಕಾರು, ಕ್ಲಿಪ್ಪು ಸಿಗಿಸುತ್ತ. “ಆ ಗಡಿಗಿ ಎದುರು ಮನಿಯವ್ರದು, ಕೊಟ್ಟು ಬಾ. ಚೌತಿಗೆ ಅವರ ಮನ್ಯಾಗ ಆರತಿ ಇರ್ತದ, ಐದಾರು ಮಂದಿ ಕೂಡಿ ಬಾರಸ್ತಾರ. ಅಲ್ಲೇ ವಿಡಿಯೋ ತಕ್ಕೊ.”

“ಆ ಗದ್ಲದಾಗ ನಾ ಮಾತಾಡಿದ್ರ ಯಾರಿಗೆ ಕೇಳಸ್ತದ ಅವ್ವಾ?”

“ಅದಕ್ಕs ಹೇಳಿದ್ದು.”