ವೇಲಚೇರಿಯ ವೆಸ್ಟ್ ಬ್ಲಾಕ್

ಫುಟ್‌ಬಾಲ್ ಕ್ಲಬ್ಬೊಂದರ ಅಪ್ಪಟ ಬೆಂಬಲಿಗ ಎನಿಸಿಕೊಳ್ಳಲು ಮೈದಾನಕ್ಕೆ ಹೋಗಬೇಕಾಗಿಲ್ಲ. ಮೂವರು ಕೂರುವ ಸೋಫಾದಲ್ಲಿ ಒಬ್ಬನೇ ಕಾಲು ಚಾಚಿ ಕೂರುವ ಧೈರ್ಯವಿದ್ದರೆ ಸಾಕು ಎಂಬುದು ನನ್ನ ಸಿದ್ಧಾಂತ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ಪಂದ್ಯ ಮುಗಿಯುವವರೆಗೂ ನಿಂತೇ ಹಾಡುವ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಅಭಿಮಾನಿಗಳ ಗುಂಪಿಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರು. ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲೂ ಸೋಫಾ ಇರುವುದು ಪಡುವಣ ಗೋಡೆಗೆ. ಆದ್ದರಿಂದ ಅದರ ಚೆನ್ನೈ ಶಾಖೆಯನ್ನು ನಾನೇ ಸ್ಥಾಪಿಸಿದ್ದೇನೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂರೂ ನಾನೇ. ಸದಸ್ಯರು ಇನ್ನು ಮೇಲೆ ಸೇರಬೇಕು.

ಶಾಖೆಗೆ ಬಂದ ವಿಘ್ನವೆಂದರೆ ನನ್ನಾಕೆ ವೃತ್ತಿಯಲ್ಲಿ ಆಡಿಟರ್. ಮನೆಯಲ್ಲಿ ಯಾರು ಏನು ಘೋಷಿಸಿದರೂ ಅವಳಿಗೆ ವೋಚರ್ ಬೇಕು. ನಮ್ಮಮ್ಮ ಏಕಾದಶಿ ಉಪವಾಸ ಅಂದ ದಿನವೂ ಒಮ್ಮೆ ಚಕ್ಕುಲಿ ಡಬ್ಬದ ಕಡೆ ಹೋಗಿ ಬರುವವಳು. ಇಂಥವಳ ಎದುರಿಗೇ ನಾನು ಮಗಳಿಗೆ, “ಚೆನ್ನೈಯಿನ್ ಎಫ್‌ಸಿಗೆ ಸೀಟಿ ಹೊಡೀತೀಯಲ್ಲೇ, ನಾಚಿಕೆ ಆಗಲ್ವ? ನನ್ನ ನೋಡು, ಅಪ್ಪಟ ಬಿಎಫ್‌ಸಿ” ಎಂದುಬಿಟ್ಟೆ.

ಆಕೆ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. “ಅಪ್ಪಟ ಅಂತ ಯಾರು ಸರ್ಟಿಫೈ ಮಾಡಿದ್ರು?”

“ಅದಕ್ಕೂ ಸರ್ಟಿಫಿಕೇಟ್ ಬೇಕೇನೇ?”

“ಬೇಡ. ಲೆಕ್ಕ ತೋರಿಸಿ, ಸಾಕು.”

ಹೀಗೆ ಶುರುವಾಯಿತು ನನ್ನ ಅಭಿಮಾನದ ಆಡಿಟ್. ಸಾಕ್ಷಿಗೆ ಅಮ್ಮ ಇದ್ದರು. ಪೇಪರ್ ವಾಪಸ್ ಕೊಡಲು ಬಂದ ಎದುರುಮನೆಯ ಅಣ್ಣ ಕಾಫಿ ವಾಸನೆಗೆ ನಿಂತರು. ಹೊಸೂರಿನ ಕಾರ್ಖಾನೆಯಲ್ಲಿ ದುಡಿದು ಕನ್ನಡ ಕಲಿತ ಇವರು ಹುಟ್ಟಿ ಬೆಳೆದದ್ದು ಉತ್ತರ ಚೆನ್ನೈನ ವ್ಯಾಸರಪಾಡಿಯಲ್ಲಿ. ಅಲ್ಲಿನ ಗಲ್ಲಿಗಳಲ್ಲಿ ಮಕ್ಕಳು ನಡೆಯುವ ಮೊದಲು ಚೆಂಡು ಒದೆಯುತ್ತಾರೆಂಬುದು ಅವರ ವಾದ. ಚೆನ್ನೈಯಿನ್ ಪರ ಆಡಿದ ಧನಪಾಲ್ ಗಣೇಶ್ ಅಲ್ಲಿಯವರೇ ಎಂಬುದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳದೆ ಇರುವುದಿಲ್ಲ.

ಮೊದಲ ಬಾಬ್ತು, ಹುಟ್ಟು.

“ಬೆಂಗಳೂರು ನನ್ನೂರು,” ಎಂದೆ.

“ಹುಟ್ಟಿದ್ದು ತಿಪಟೂರಲ್ಲಿ ಕಣೋ,” ಅಂದರು ಅಮ್ಮ, ಯಾರೂ ಕೇಳದಿದ್ದರೂ.

“ಓದಿದ್ದು, ಕೆಲಸಕ್ಕೆ ಸೇರಿದ್ದು ಬೆಂಗಳೂರಲ್ಲೇ ತಾನೆ?”

“ಬಿಟ್ಟಿದ್ದು ಯಾವಾಗ?” ಎಂದಳು ಆಡಿಟರ್.

“2012ರಲ್ಲಿ.”

“ಕ್ಲಬ್ ಹುಟ್ಟಿದ್ದು?”

“2013, ಜುಲೈ.”

ಆಕೆ ಷರಾ ಬರೆದುಕೊಂಡಳು: ಕ್ಲಬ್ ಬರುವ ಸುಳಿವು ಸಿಕ್ಕೊಡನೆ ಊರು ಬಿಟ್ಟಿದ್ದಾರೆ.

“ಅದಕ್ಕೆ ಮೊದ್ಲು ಅಪ್ಪ ಮ್ಯಾಂಚೆಸ್ಟರ್ ಯುನೈಟೆಡ್,” ಎಂದು ಮಗಳು ಒಗ್ಗರಣೆ ಹಾಕಿದಳು. ಹೌದು, ಒಪ್ಪುತ್ತೇನೆ. 2013ರ ಮೇ ತಿಂಗಳಲ್ಲಿ ಅಲೆಕ್ಸ್ ಫರ್ಗ್ಯುಸನ್ ಲೀಗ್ ಗೆದ್ದುಕೊಟ್ಟು ನಿವೃತ್ತರಾದರು. ಜುಲೈನಲ್ಲಿ ಬಿಎಫ್‌ಸಿ ಹುಟ್ಟಿತು. ನಡುವಿನ ಜೂನ್ ತಿಂಗಳು ನಾನು ಅನಾಥನಾಗಿದ್ದೆ. ಹೊಸ ಕ್ಲಬ್ಬು ಕಾಲಿಟ್ಟ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಯುನೈಟೆಡ್‌ಗೆ ಅಂದಿನಿಂದ ಲೀಗ್ ದಕ್ಕಿಯೇ ಇಲ್ಲ. ಇದೆಲ್ಲ ಕಾಕತಾಳೀಯ ಎಂದು ವಿವರಿಸಿದೆ.

“ಇವನ ತಾತನೂ ಹಾಗೇ. ಎಣಿಕೆ ಮುಗಿದ ಮೇಲೆ, ಗೆದ್ದೋನಿಗೇ ನನ್ನ ಓಟು ಅನ್ನೋರು,” ಅಂದರು ಅಮ್ಮ.

ಅಣ್ಣ ಕಾಫಿ ಲೋಟ ಕೆಳಗಿಟ್ಟರು. “ಸಾರ್, ಬೆಂಗಳೂರು ಫುಟ್‌ಬಾಲ್ ಅಂದ್ರೆ ಹಲಸೂರು, ಆಸ್ಟಿನ್ ಟೌನ್, ಗೌತಮಪುರ. ಅಲ್ಲಿ ಗೋಲ್ ಬಿದ್ರೆ ಯಾವ ಭಾಷೇಲಿ ಕೂಗ್ತಾರೆ, ಹೇಳಿ?”

ನನಗೆ ಗೊತ್ತು. ಪೆಲೆಗೆ ಪ್ರತಿಮೆ ನಿಲ್ಲಿಸಿರುವ ಆ ಗೌತಮಪುರದಲ್ಲಿ ಕೇಳಿಬರುವುದು ಹೆಚ್ಚಾಗಿ ತಮಿಳೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 2-1ರಿಂದ ಸೋತಾಗ ಭಾರತದ ಏಕೈಕ ಗೋಲು ಹೊಡೆದದ್ದು ಮೈಸೂರು ತಂಡದ ಎಸ್. ರಾಮನ್. “ಮೈಸೂರಿನವರು!” ಎಂದು ನಾನು ಎದೆ ತಟ್ಟಿಕೊಂಡೆ. “ಪೂರ್ತಿ ಹೆಸರು ಸಾರಂಗಪಾಣಿ ರಾಮನ್, ಸಾರ್. ಯಾವ ಕಡೆ ಹೆಸರು?” ಎಂದು ಅಣ್ಣ ಕೇಳಿದರು. ಇಲ್ಲಿಗೆ ಬಿಟ್ಟರೆ ರಾಮನ್ನೂ ಕಾವೇರಿಯ ಹಾಗೆ ನ್ಯಾಯಮಂಡಳಿಗೆ ಹೋಗುತ್ತಾರೆಂದು ಸಂತೋಷ್ ಟ್ರೋಫಿಗೆ ಹಾರಿದೆ. 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ನಮ್ಮ ಕರ್ನಾಟಕ ಅದನ್ನು ಗೆದ್ದಿತಲ್ಲ!

“ಆ ಮ್ಯಾಚ್ ನೋಡಿದ್ರಾ?” ಎಂದಳು ನನ್ನಾಕೆ.

“ಮಾರನೇ ದಿನ ಪೇಪರಲ್ಲಿ ಓದ್ದೆ.”

ಎರಡನೇ ಬಾಬ್ತು, ಸಮವಸ್ತ್ರ. ನನ್ನ ಬಳಿ ಬಿಎಫ್‌ಸಿಯ ನೀಲಿ ಜೆರ್ಸಿ ಇದೆ. ಕೊಟ್ಟದ್ದು ಭಾವಮೈದ, ಹಾಗಾಗಿ ಖರ್ಚಿನ ಕಾಲಮ್ಮಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಇರಲಿ. ಅದಕ್ಕಿಂತ ದೊಡ್ಡ ಆಕ್ಷೇಪಣೆ ಬಣ್ಣದ್ದು. ಚೆನ್ನೈಯಿನ್ ತಂಡದ್ದೂ ನೀಲಿಯೇ. ಸ್ವಲ್ಪ ದೂರದಿಂದ ನೋಡಿದರೆ, ಅಥವಾ ಎರಡು ಸಲ ಒಗೆದರೆ, ಯಾವುದು ಯಾರದ್ದೆಂದು ದೇವರಿಗೂ ತಿಳಿಯದು. ವೇಲಚೇರಿಯಲ್ಲಿ ಬೆಂಗಳೂರಿನ ಬಾವುಟ ಹಾರಿಸಲು ಇಂಥ ಕ್ಷೇಮಕರ ಬಟ್ಟೆ ಇನ್ನೊಂದಿಲ್ಲ.

2018ರ ಮಾರ್ಚ್ 17ರ ಶನಿವಾರ ಅದನ್ನೇ ಹಾಕಿಕೊಂಡು ಕುಳಿತಿದ್ದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ನಮ್ಮ ಕಂಠೀರವದಲ್ಲೇ, ಚೆನ್ನೈಯಿನ್ ಮೇಲೆ. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಗೋಲು ಹೊಡೆದಾಗ ನಾನು ಹಾಕಿದ ಕೂಗಿಗೆ ಕೆಳಮನೆಯ ಮಗು ಎಚ್ಚರಗೊಂಡಿತು. ಆಮೇಲೆ ಅದು ಮಲಗಿತು. ನನಗೆ ನಿದ್ದೆ ಬರಲಿಲ್ಲ. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎಂಬ ಬ್ರೆಜಿಲ್‌ನ ಡಿಫೆಂಡರ್ ವಿರಾಮಕ್ಕೆ ಮೊದಲೇ ಎರಡು ಸಲ ಕಾರ್ನರಿಗೆ ತಲೆಕೊಟ್ಟು ಗೋಲು ಮಾಡಿದ. ಮೂರನೆಯದನ್ನು ರಫಾಯೆಲ್ ಆಗಸ್ಟೊ ಹಾಕಿದ. ಪಂದ್ಯ ಮುಗಿದೇಹೋಯಿತು ಅನ್ನುವಾಗ ನಮ್ಮ ಮೀಕು ಒಂದು ಹೊಡೆದು 3-2 ಮಾಡಿದ. ಮರುದಿನ ಯುಗಾದಿ, ವಿಳಂಬಿ ಸಂವತ್ಸರ. ಮೀಕು ಅದನ್ನು ಹಿಂದಿನ ರಾತ್ರಿಯೇ ಆಚರಿಸಿದ್ದ.

ಯುಗಾದಿಯ ಬೆಳಿಗ್ಗೆ ಮಾವಿನ ಸೊಪ್ಪು ತರಲು ಅದೇ ಜೆರ್ಸಿಯಲ್ಲಿ ಕೆಳಗಿಳಿದರೆ ವಾಚ್‌ಮನ್ ಎದ್ದು ಸಲ್ಯೂಟ್ ಹೊಡೆದ. “ಸೂಪರ್ ಸಾರ್, ನಮ್ಮ ಟೀಮ್ ಜೈಚಾಚ್ಚು!” ಎಂದು ಕೈ ಕುಲುಕಿ ಅಂಗೈ ಮೇಲೆ ಒಂದು ಲಡ್ಡು ಇಟ್ಟ. ಅಪ್ಪಟ ಬೆಂಬಲಿಗನಾದವನು ಅಲ್ಲೇ ಜೆರ್ಸಿಯ ಲಾಂಛನ ತೋರಿಸಿ ಲಡ್ಡು ಹಿಂದಿರುಗಿಸಬೇಕಿತ್ತು. ಆದರೆ ಹಬ್ಬದ ದಿನ ಸಿಹಿ ಬೇಡ ಅನ್ನಬಾರದು ಎಂಬ ಸಂಸ್ಕಾರ ಅಡ್ಡ ಬಂತು.

“ಲಡ್ಡು ಸ್ವೀಕರಿಸಿದ್ದಕ್ಕೆ ರಸೀದಿ ಇಲ್ಲ,” ಎಂದು ಆಡಿಟರ್ ಬರೆದುಕೊಂಡಳು.

ಮೂರನೇ ಬಾಬ್ತು, ಸಂಕಟ. ಇದರಲ್ಲಿ ನನಗೆ ಭರವಸೆ ಇತ್ತು. “ಈ ಸಲ ಕಪ್ ನಮ್ದೇ” ಎಂದು ಕೂಗುತ್ತಾ ಆರ್‌ಸಿಬಿಯ ಐಪಿಎಲ್ ಕಪ್ಪಿಗೆ 2008ರಿಂದ 2025ರವರೆಗೆ ಕಾದ ಜನ ನಾವು. ಸಂಕಟದಲ್ಲಿ ನಮ್ಮನ್ನು ಮೀರಿಸುವವರು ಯಾರು? ಅಣ್ಣ ಗಂಟಲು ಸರಿಮಾಡಿಕೊಂಡರು.

2015ರ ಡಿಸೆಂಬರ್ ಮೊದಲ ವಾರ. ಅಣ್ಣ ಆಗ ಹಿಂದಿನ ಬೀದಿಯ ನೆಲಮಹಡಿಯ ಮನೆಯಲ್ಲಿ ಬಾಡಿಗೆಗಿದ್ದರು. ವೇಲಚೇರಿಯ ರಸ್ತೆಗಳಲ್ಲಿ ದೋಣಿ ಓಡಾಡಿದ ದಿನಗಳವು. ಕರೆಂಟಿಲ್ಲ, ಕುಡಿಯುವ ನೀರಿಲ್ಲ, ಉಳಿದ ನೀರು ಸೊಂಟದವರೆಗೆ. ಚೆನ್ನೈಯಿನ್ ತಂಡ ಸೆಮಿಫೈನಲ್ ತಲುಪಿತ್ತು. ತವರಿನ ಪಂದ್ಯ ಆಡಲು ತವರೇ ಒಣಗಿರಲಿಲ್ಲ. ಪಂದ್ಯವನ್ನು ಪುಣೆಗೆ ಒಯ್ದರು. (ಚೆನ್ನೈಗೆ ಕಷ್ಟ ಬಂದರೆ ಪುಣೆ ಎಂದು ಹಣೆಯಲ್ಲಿ ಬರೆದಿರಬೇಕು. 2018ರಲ್ಲಿ ಕಾವೇರಿ ಗಲಾಟೆಯಾದಾಗ ಧೋನಿಯ ಕ್ರಿಕೆಟ್ ತಂಡವೂ ಅಲ್ಲಿಗೇ ಗಂಟುಮೂಟೆ ಕಟ್ಟಿತು.) ಪುಣೆಯಲ್ಲಿ ಕೋಲ್ಕತ್ತದ ಮೇಲೆ 3-0. ಡಿಸೆಂಬರ್ 20ಕ್ಕೆ ಗೋವಾದಲ್ಲಿ ಫೈನಲ್. ಅಣ್ಣ ತಾರಸಿಯಲ್ಲಿ ಹಾಸಿಗೆ ಒಣಹಾಕಿ ನೆಂಟರ ಮನೆಯ ಟಿವಿ ಮುಂದೆ ಕುಳಿತಿದ್ದರು. 87ನೇ ನಿಮಿಷಕ್ಕೆ ಗೋವಾ 2-1 ಮುಂದೆ. ಕೊನೆಯ ಗಳಿಗೆಯಲ್ಲಿ ಗೋವಾದ ಗೋಲಿ ಕಟ್ಟಿಮನಿಯವರಿಗೆ ತಾಗಿದ ಚೆಂಡು ಅವರದ್ದೇ ಬಲೆ ಸೇರಿತು. ಮರುಗಳಿಗೆ ಚೆನ್ನೈಯಿನ್‌ನ ಮೆಂಡೋಸಾ ಇನ್ನೊಂದು ಹೊಡೆದ. 3-2.

“ಕಟ್ಟಿಮನಿ ಅಂದ್ರೆ ನಿಮ್ಮ ಕಡೆ ಹೆಸರಲ್ವಾ, ಸಾರ್? ತುಂಬಾ ಥ್ಯಾಂಕ್ಸ್,” ಎಂದರು ಅಣ್ಣ. ರಾಮನ್ನರ ಲೆಕ್ಕ ಹೀಗೆ ಚುಕ್ತಾ ಆಯಿತು.

“ಪ್ರವಾಹದಲ್ಲಿ ನೀನೆಲ್ಲಿದ್ದೆಯಪ್ಪಾ?” ಎಂದು ಮಗಳು ಕೇಳಿದಳು.

“ಮೈಸೂರಲ್ಲಿ. ನಮ್ಮಪ್ಪನ ಮನೇಲಿ. ಮೈಸೂರುಪಾಕು ತಿಂತಾ,” ಎಂದು ನನ್ನ ಪರವಾಗಿ ನನ್ನಾಕೆಯೇ ಉತ್ತರಿಸಿದಳು.

“ಮಳೆ ಅಂತ ಸುದ್ದಿ ಬಂದ ಕೂಡ್ಲೇ ಕಾರನ್ನ ವೇಲಚೇರಿ ಬ್ರಿಡ್ಜ್ ಮೇಲೆ ನಿಲ್ಸೋರು ನೀವು, ಸಾರ್,” ಎಂದರು ಅಣ್ಣ. “ಟೀಮ್ ವಿಷಯದಲ್ಲೂ ಅಷ್ಟೇ.”

ನಾನು ಬಿಡಲಿಲ್ಲ. ಸಂಕಟವಿರಲಿ, ಸಂಭ್ರಮದ ದಾಖಲೆಯಾದರೂ ಇದೆಯಲ್ಲ! 2019ರ ಮಾರ್ಚ್ 17, ಸೋತ ಫೈನಲ್ಲಿಗೆ ಸರಿಯಾಗಿ ಒಂದು ವರ್ಷ. ಮುಂಬೈಯಲ್ಲಿ ಗೋವಾ ಮೇಲೆ ಮತ್ತೆ ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿಗೆ ಬಿಎಫ್‌ಸಿ ಮೊದಲ ಐಎಸ್‌ಎಲ್ ಕಪ್ ಎತ್ತಿತು.

“ಆ ಗೋಲು ನೋಡಿದ್ದು ಯಾರು?” ಎಂದಳು ಆಕೆ.

ಕೋಣೆ ಮೌನವಾಯಿತು. “ಇದು ಪೆನಾಲ್ಟಿಗೇ ಹೋಗೋದು, ನನಗೆ ಆಟ ಗೊತ್ತು” ಎಂದು ಭವಿಷ್ಯ ನುಡಿದು ನಾನು ಹಾಲು ಬಿಸಿಮಾಡಲು ಎದ್ದಿದ್ದೆ. ಮಡಿಸಿದ ಬಟ್ಟೆಗಳ ರಾಶಿಯ ಹಿಂದಿನಿಂದ ಗೋಲನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಶಾಖೆಯ ಅಧ್ಯಕ್ಷನಿಗೆ ಹಾಲು ಉಕ್ಕಿದ್ದು ಮಾತ್ರ ಲೈವ್ ಆಗಿ ಕಂಡಿತು.

ಕೊನೆಯ ಬಾಬ್ತು ಖರ್ಚು. ಪಂದ್ಯ ನೋಡುವ ಆ್ಯಪ್‌ನ ಚಂದಾ: ಭಾವಮೈದನ ಪಾಸ್‌ವರ್ಡ್. ಜೆರ್ಸಿ: ಭಾವಮೈದ. ಮೈದಾನದ ಟಿಕೆಟ್ಟು?

ಇಲ್ಲಿ ನಾನು ಛೆಟ್ರಿಯವರನ್ನೇ ಮುಂದಿಟ್ಟೆ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು, ಛೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದವರು ಸುಮಾರು 2,500 ಮಂದಿ. ನೊಂದ ನಾಯಕ ವಿಡಿಯೊ ಮಾಡಿ ಕೈಮುಗಿದರು. ಯುರೋಪಿನ ಕ್ಲಬ್ಬುಗಳನ್ನು ಪ್ರೀತಿಸಿ, ನಾವು ಅವರ ಮಟ್ಟದಲ್ಲಿಲ್ಲ, ಒಪ್ಪಿದೆ. ಆದರೆ ದಯವಿಟ್ಟು ಮೈದಾನಕ್ಕೆ ಬನ್ನಿ, ಬಂದು ನಮ್ಮ ಮುಖಕ್ಕೇ ಬೈಯಿರಿ ಎಂಬುದು ಅದರ ಸಾರ. ಎರಡು ದಿನಗಳ ನಂತರ ಕೀನ್ಯಾ ಮೇಲಿನ ಪಂದ್ಯಕ್ಕೆ, ಸುರಿವ ಮಳೆಯಲ್ಲೂ, ಮೈದಾನ ಭರ್ತಿ. ಅದು ಅವರ 100ನೇ ಅಂತರರಾಷ್ಟ್ರೀಯ ಪಂದ್ಯ; ಎರಡು ಗೋಲು ಹೊಡೆದರು.

“ನೀವೇನು ಮಾಡಿದ್ರಿ?”

“ಆ ವಿಡಿಯೊನ ನಮ್ಮ ಎಲ್ಲಾ ಗ್ರೂಪಿಗೂ ಫಾರ್ವರ್ಡ್ ಮಾಡ್ದೆ.”

“ಎಲ್ಲಿಂದ?”

“ಇಲ್ಲಿಂದ,” ಎಂದು ಸೋಫಾ ತಟ್ಟಿ ತೋರಿಸಿದೆ.

“ಟಿಕೆಟ್ ಕಾಲಮ್ಮಲ್ಲಿ ಒಂದಿದೆ ಅಮ್ಮಾ,” ಎಂದು ಮಗಳು ನಡುವೆ ಬಂದಳು. ಇದ್ದದ್ದು ನಿಜ. ತೆಗೆಸಿದ್ದು ಅವಳೇ, ತನ್ನ ಪಾಕೆಟ್ ಮನಿಯಲ್ಲಿ. ಬಿಎಫ್‌ಸಿ ಚೆನ್ನೈಗೆ ಬಂದಾಗ ನನ್ನನ್ನು ‘ಪರಕ್ಕುಂ ರಯಿಲ್’ (ಕಂಬಗಳ ಮೇಲೆ ಓಡುವ ‘ಹಾರುವ ರೈಲು’) ಹತ್ತಿಸಿ ಪಾರ್ಕ್ ಟೌನಿನಲ್ಲಿ ಇಳಿಸಿ ಪೆರಿಯಮೇಡಿನ ನೆಹರೂ ಕ್ರೀಡಾಂಗಣಕ್ಕೆ ಕೈಹಿಡಿದು ಕರೆದೊಯ್ದವಳೂ ಅವಳೇ. ವೇಲಚೇರಿಯಿಂದ ಅಲ್ಲಿಗೆ ರೈಲಿನ ದರ ಒಂದು ಲೋಟ ಕಾಫಿಗಿಂತ ಅಗ್ಗವೆಂದು ಅಂದೇ ನನಗೆ ತಿಳಿದದ್ದು. ಸುತ್ತ ಎತ್ತ ನೋಡಿದರೂ ನೀಲಿ, ಅಷ್ಟೂ ಅವರದ್ದು. ಡೋಲು, ಸೀಟಿ, ಚೆನ್ನೈಯಿನ್ ಅಭಿಮಾನಿಗಳ ಬಿ ಸ್ಟ್ಯಾಂಡ್ ಬ್ಲೂಸ್ ಗುಂಪಿನ ಹಾಡು. ನಮ್ಮವರು ಗೋಲು ಹೊಡೆದರು. ಇಡೀ ಗ್ಯಾಲರಿಯಲ್ಲಿ ಸೂತಕ. ನನ್ನೊಳಗೆ ಎದ್ದ ಕೂಗು ಗಂಟಲಿಗೆ ಬಂದು, ಎಡಬಲದ ದಾಂಡಿಗರನ್ನು ನೋಡಿ, ಕೆಮ್ಮಾಗಿ ಹೊರಬಿತ್ತು. ಪಕ್ಕದವನು ಪಾಪ ನೀರಿನ ಬಾಟಲಿ ಕೊಟ್ಟ. ಆಮೇಲೆ ಚೆನ್ನೈಯಿನ್ ಗೋಲು ಹೊಡೆದಾಗ ಎಲ್ಲರೂ ಎದ್ದರು, ನಾನೂ ಎದ್ದೆ. ಎದ್ದದ್ದು ಮುಂದಿನವರ ತಲೆ ಅಡ್ಡ ಬಂದದ್ದಕ್ಕೆ. ಚಪ್ಪಾಳೆ ತಟ್ಟಿದ್ದು ನೀರು ಕೊಟ್ಟವನ ಋಣಕ್ಕೆ. ಇದರ ವಿಡಿಯೊ ಮಗಳ ಫೋನಿನಲ್ಲಿದೆ. ಆಡಿಟಿಗೆ ಅನುಬಂಧವಾಗಿ ಲಗತ್ತಿಸಲಾಗಿದೆ.

ಕೊನೆಗೆ ನನ್ನನ್ನು ಅಷ್ಟಿಷ್ಟು ಕಾಪಾಡಿದ್ದು 2025. ಲೀಗ್ ನಡೆಸುವ ಒಪ್ಪಂದವೇ ಇತ್ಯರ್ಥವಾಗದೆ ಆ ವರ್ಷದ ಐಎಸ್‌ಎಲ್ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಆಗಸ್ಟ್‌ನಲ್ಲಿ ಬಿಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಚೆನ್ನೈಯಿನ್ ಕೂಡ ಚಟುವಟಿಕೆ ಸ್ಥಗಿತಗೊಳಿಸಿತು. ಆ ದಿನಗಳಲ್ಲಿ ಅಣ್ಣ ಸಂಜೆ ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದರು. ಇಬ್ಬರೂ ನೀಲಿ ತೊಟ್ಟು ಆರಿಸಿದ ಟಿವಿಯನ್ನು ನೋಡುತ್ತಿದ್ದೆವು. ವೆಸ್ಟ್ ಬ್ಲಾಕ್ ಶಾಖೆಗೆ ದಕ್ಕಿದ ಮೊದಲ ಸದಸ್ಯ ಅವರು, ವಿರೋಧಿ ಬಣದಿಂದ.

“ಮ್ಯಾಚೇ ಇಲ್ಲದಾಗಲೂ ಕೂತಿದ್ದೆನಲ್ಲ, ಇದಕ್ಕಿಂತ ನಿಷ್ಠೆ ಬೇಕಾ?” ಎಂದು ಆಡಿಟರ್ ಮುಂದೆ ಮಂಡಿಸಿದೆ.

“ನೀವು ಮ್ಯಾಚಿದ್ರೂ ಅಲ್ಲೇ ಕೂರ್ತೀರಿ, ಇಲ್ಲದಿದ್ರೂ ಅಲ್ಲೇ ಕೂರ್ತೀರಿ. ಅದು ಸೋಫಾಗೆ ನಿಷ್ಠೆ,” ಎಂದು ಆಕೆ ವರದಿಗೆ ಸಹಿ ಹಾಕಿದಳು.

ವರದಿ ಎರಡೇ ಸಾಲಿನದು. ಹುಟ್ಟಿದ ಊರು, ಜೆರ್ಸಿ, ಕಣ್ಣೀರು, ಫಾರ್ವರ್ಡು ಇವಾವುವೂ ಗಣನೆಗೆ ಬರುವುದಿಲ್ಲ. ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆದು ಮೈದಾನದಲ್ಲಿ ಕೂತವನು ಬೆಂಬಲಿಗ, ಉಳಿದವರು ವೀಕ್ಷಕರು. ಈ ಮಾನದಂಡದಂತೆ ಮನೆಯಲ್ಲಿ ಬೆಂಬಲಿಗರು ಒಬ್ಬರು, ಅವರು ಚೆನ್ನೈಯಿನ್ ಪರ. ಬಿಎಫ್‌ಸಿಗೆ ಒಬ್ಬ ವೀಕ್ಷಕ, ಅವನೂ ಮುಖ್ಯ ಗೋಲಿನ ಹೊತ್ತಿಗೆ ಅಡುಗೆಮನೆಯಲ್ಲಿರುತ್ತಾನೆ.

ಈ ವರದಿಯನ್ನು ನಾನು ಒಪ್ಪಿಲ್ಲ, ಮೇಲ್ಮನವಿಗೆ ಅವಕಾಶವಿದೆಯೇ ಎಂದು ವಿಚಾರಿಸುತ್ತಿದ್ದೇನೆ. ಅಷ್ಟರಲ್ಲಿ, ಓದುಗ ಮಹಾಶಯರೇ, ನಿಮ್ಮೂರಲ್ಲಿ ಒಂದು ತಂಡ, ಒಂದು ಮೈದಾನ ಇದ್ದರೆ ನೀವಾದರೂ ಒಂದು ಟಿಕೆಟ್ ತೆಗೆದುಕೊಳ್ಳಿ. ಆಟ ಚೆನ್ನಾಗಿಲ್ಲದಿದ್ದರೆ ಅಲ್ಲೇ ಕೂತು ಬಾಯ್ತುಂಬ ಬೈಯಿರಿ. ಛೆಟ್ರಿ ಕೇಳಿಕೊಂಡದ್ದೂ ಅಷ್ಟೇ. ಹೋಗುವಾಗ ನನಗೂ ಒಂದು ತೆಗೆದಿಡಿ. ದುಡ್ಡು ಭಾವಮೈದ ಕೊಡುತ್ತಾನೆ.